ದಿ ಬುಚರ್ ಬಾಯ್: ಫ್ರಾನ್ಸಿ ಬ್ರೇಡಿಯ ಕಥೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಸಿನಿಮಾ ನೋಡಿ ಎಂದು ಯಾರಿಗೆ ಹೇಳಿದರೂ ಆಮೇಲೆ ಒಂದಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. ಮಾತುಕತೆಯಲ್ಲಿ, ಪತ್ರಗಳಲ್ಲಿ, ಕಾಮೆಂಟುಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲ ಎರಡು ಭಾಗಗಳನ್ನು ಸಿನಿಮಾ ನೋಡದವರೂ ಧೈರ್ಯವಾಗಿ ಓದಬಹುದು. ಅದರ ಮುಂದೆ ಕಥೆ ಪೂರ್ತಿ ಬಿಚ್ಚಿಕೊಳ್ಳುತ್ತದೆ.

## ನೋಡುವ ಮುಂಚೆ

ಯಾರ ಸಿನಿಮಾ ಇದು? ಯಾವಾಗಿನದು?

1997ರ ಐರಿಷ್ ಸಿನಿಮಾ. ನಿರ್ದೇಶಕ ನೀಲ್ ಜೋರ್ಡನ್. ಪ್ಯಾಟ್ರಿಕ್ ಮೆಕೇಬ್ 1992ರಲ್ಲಿ ಪ್ರಕಟಿಸಿದ ಇದೇ ಹೆಸರಿನ ಕಾದಂಬರಿ ಇದಕ್ಕೆ ಆಧಾರ. ಆ ಕಾದಂಬರಿ ಬುಕರ್ ಪ್ರಶಸ್ತಿಯ ಕೊನೆಯ ಸುತ್ತಿನವರೆಗೂ ಹೋಗಿತ್ತು. ಚಿತ್ರಕಥೆಯನ್ನು ಇಬ್ಬರೂ ಸೇರಿ ಬರೆದರು. 1998ರ ಬರ್ಲಿನ್ ಚಿತ್ರೋತ್ಸವದಲ್ಲಿ ಜೋರ್ಡನ್‌ಗೆ ಅತ್ಯುತ್ತಮ ನಿರ್ದೇಶಕ ಎಂದು ಬೆಳ್ಳಿ ಕರಡಿ ಪ್ರಶಸ್ತಿ ಬಂತು.

ಫ್ರಾನ್ಸಿಯ ಪಾತ್ರ ಮಾಡಿದ ಹುಡುಗನ ಹೆಸರು ಈಮನ್ ಓವೆನ್ಸ್. ಕ್ಯಾವನ್ ಕೌಂಟಿಯ ಕಿಲೆಶಾಂಡ್ರಾ ಎಂಬ ಪುಟ್ಟ ಊರಿನವನು. ಅದಕ್ಕೂ ಮುಂಚೆ ಕ್ಯಾಮೆರಾ ಎದುರು ನಿಂತವನಲ್ಲ. ಸಿನಿಮಾದ ಹೆಚ್ಚುಕಮ್ಮಿ ಎಲ್ಲ ದೃಶ್ಯಗಳಲ್ಲೂ ಅವನೇ ಇದ್ದಾನೆ. ಕೆಂಪು ಕೂದಲು, ದುಂಡು ಮುಖ, ಒಂದು ಕ್ಷಣವೂ ಸುಮ್ಮನಿರದ ಬಾಯಿ. ಬರ್ಲಿನ್ ತೀರ್ಪುಗಾರರು ಅವನ ಹೆಸರನ್ನೂ ಬೇರೆಯಾಗಿ ಹೇಳಿ ಮೆಚ್ಚಿಕೊಂಡರು. ನನ್ನನ್ನು ಕೇಳಿದರೆ, ಮಗುವೊಂದು ಸಿನಿಮಾದಲ್ಲಿ ಮಾಡಿದ ಅತ್ಯಂತ ದೊಡ್ಡ ಕೆಲಸಗಳಲ್ಲಿ ಇದೂ ಒಂದು.

ಇದು ನಿಜವಾಗಿ ನಡೆದ ಕಥೆನಾ?

ಅಲ್ಲ, ಫ್ರಾನ್ಸಿ ಬ್ರೇಡಿ ಕಲ್ಪನೆಯ ಹುಡುಗ. ಆದರೆ ಊರು ಕಲ್ಪನೆಯದಲ್ಲ. ಮೆಕೇಬ್ 1955ರಲ್ಲಿ ಹುಟ್ಟಿದ್ದು ಮೊನಹನ್ ಕೌಂಟಿಯ ಕ್ಲೋನಿಸ್ ಎಂಬ ಗಡಿಯೂರಿನಲ್ಲಿ. ಚಿತ್ರೀಕರಣವೂ ಅಲ್ಲೇ ಆಯಿತು. ಊರಿನ ಕುಡುಕನ ಸಣ್ಣ ಪಾತ್ರದಲ್ಲಿ ಸ್ವತಃ ಮೆಕೇಬ್ ಕಾಣಿಸಿಕೊಂಡಿದ್ದಾರೆ. ಅಂಗಡಿಯ ಹರಟೆ, ಬೀದಿಯ ಪಿಸುಮಾತು, ಎಲ್ಲರಿಗೂ ಎಲ್ಲರ ವಿಷಯ ಗೊತ್ತಿರುವ ರೀತಿ, ಇವೆಲ್ಲ ಅಷ್ಟು ನಿಜ ಅನ್ನಿಸುವುದು ಅದಕ್ಕೇ.

ಕಥೆ ಏನು ಸ್ವಲ್ಪ ಹೇಳಿ, ಕೊನೆ ಮಾತ್ರ ಹೇಳಬೇಡಿ

1960ರ ದಶಕದ ಆರಂಭ. ಫ್ರಾನ್ಸಿಗೆ ಹನ್ನೆರಡರ ಆಸುಪಾಸು ವಯಸ್ಸು. ಅಪ್ಪ ಬೆನ್ನಿ ಟ್ರಂಪೆಟ್ ನುಡಿಸುವವನು, ಕುಡಿತಕ್ಕೆ ಬಿದ್ದವನು. ಅಮ್ಮ ಆನಿಯ ಮನಸ್ಸು ಒಂದು ದಿನ ಮೋಡದ ಮೇಲಿದ್ದರೆ ಇನ್ನೊಂದು ದಿನ ಪಾತಾಳದಲ್ಲಿ. ಫ್ರಾನ್ಸಿಗೆ ಇರುವ ಒಂದೇ ಆಸರೆ ಗೆಳೆಯ ಜೋ ಪರ್ಸೆಲ್. ಇಬ್ಬರೂ ಕಾಮಿಕ್ಸ್ ಓದುತ್ತಾರೆ, ಕೌಬಾಯ್ ಆಟ ಆಡುತ್ತಾರೆ, ಕೊನೆಯವರೆಗೂ ಗೆಳೆಯರಾಗಿರುತ್ತೇವೆ ಅಂತ ಆಣೆ ಮಾಡುತ್ತಾರೆ.

ಇಂಗ್ಲೆಂಡಿನಲ್ಲಿ ಇದ್ದು ಬಂದ ನ್ಯೂಜೆಂಟ್ ಕುಟುಂಬದ ಹುಡುಗ ಫಿಲಿಪ್‌ನ ಕಾಮಿಕ್ಸ್‌ಗಳನ್ನು ಇವರು ಕದಿಯುತ್ತಾರೆ. ಅವನ ತಾಯಿ ಮನೆ ಬಾಗಿಲಿಗೇ ಬಂದು, ಬ್ರೇಡಿ ಮನೆಯವರೆಲ್ಲ ಹಂದಿಗಳು ಎಂದು ಬೈಯುತ್ತಾಳೆ. ಹುಡುಗ ಆ ಮಾತನ್ನು ಮರೆಯುವುದೇ ಇಲ್ಲ. ಆಮೇಲೆ ಮನೆ, ಶಾಲೆ, ಆಸ್ಪತ್ರೆ, ಸ್ನೇಹ ಒಂದೊಂದಾಗಿ ಕೈತಪ್ಪುತ್ತವೆ. ಅವನು ಊರಿನ ಮಾಂಸದ ಅಂಗಡಿಯಲ್ಲಿ ಕೆಲಸಕ್ಕೆ ಸೇರುತ್ತಾನೆ, ಸಿನಿಮಾದ ಹೆಸರು ಅಲ್ಲಿಂದ ಬಂದದ್ದು. ಅದೇ ಹೆಸರಿನ ಒಂದು ಹಳೆಯ ಜನಪದ ಹಾಡೂ ಇದೆ. ಪ್ರೀತಿಸಿದವನು ಕೈಬಿಟ್ಟಾಗ ನೇಣು ಹಾಕಿಕೊಳ್ಳುವ ಹುಡುಗಿಯ ಹಾಡು ಅದು. ಫ್ರಾನ್ಸಿಯ ಅಮ್ಮ ಅದನ್ನು ರೆಕಾರ್ಡ್ ಪ್ಲೇಯರ್‌ನಲ್ಲಿ ಹಾಕಿ ಕೇಳುತ್ತಾಳೆ.

ಕೆಲವರು ಕಾಮಿಡಿ ಅಂತಾರೆ, ಕೆಲವರು ನೋಡಕ್ಕಾಗಲ್ಲ ಅಂತಾರೆ. ಯಾವುದು ಸರಿ?

ಎರಡೂ ನಿಜ, ಅದೂ ಒಂದೇ ದೃಶ್ಯದಲ್ಲಿ. ಫ್ರಾನ್ಸಿಗೆ ತಮಾಷೆ ಮಾಡುವ ವರ ಇದೆ. ಎಂಥ ದೊಡ್ಡವರನ್ನೂ ಅಣಕಿಸುತ್ತಾನೆ, ಪಟಪಟ ಮಾತಾಡುತ್ತಾನೆ. ಮಿಸೆಸ್ ನ್ಯೂಜೆಂಟ್ ಫುಟ್‌ಪಾತ್ ಮೇಲೆ ಬಂದರೆ ಅಡ್ಡ ನಿಂತು "ಹಂದಿ ಸುಂಕ" ಕೇಳುತ್ತಾನೆ. ನಾವು ನಗುತ್ತೇವೆ. ಅಷ್ಟರಲ್ಲಿ, ಈ ಹುಡುಗ ಅಳಬೇಕಾದ ಕಡೆಯೆಲ್ಲ ತಮಾಷೆ ಮಾಡುತ್ತಿದ್ದಾನೆ ಅನ್ನುವುದು ಹೊಳೆಯುತ್ತದೆ. ಅವನ ನಗು ಜಾಸ್ತಿಯಾದಷ್ಟೂ ನಮಗೆ ಭಯ ಜಾಸ್ತಿಯಾಗುತ್ತದೆ. ಏಡ್ರಿಯನ್ ಬಿಡಲ್ ಅವರ ಕ್ಯಾಮೆರಾ, ಎಲಿಯಟ್ ಗೋಲ್ಡೆಂಥಾಲ್ ಅವರ ಸಂಗೀತ ಕೂಡ ಹೀಗೇ. ಬಣ್ಣಗಳು ಕಾಮಿಕ್ಸ್ ಪುಸ್ತಕದ ಹಾಗೆ ಕಣ್ಣು ಕುಕ್ಕುತ್ತವೆ, ನಡೆಯುತ್ತಿರುವುದು ಮಾತ್ರ ಕತ್ತಲೆ.

ಮಕ್ಕಳ ಜೊತೆ ಕೂತು ನೋಡಬಹುದಾ?

ಬೇಡ. ನಾಯಕ ಮಗು ಅಷ್ಟೇ, ಸಿನಿಮಾ ಮಕ್ಕಳದಲ್ಲ. ರಕ್ತ, ಆತ್ಮಹತ್ಯೆ, ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ, ಪ್ರಾಣಿವಧೆ ಎಲ್ಲವೂ ಇದೆ.

ನನಗೆ ಇಂಗ್ಲಿಷ್ ಚೆನ್ನಾಗೇ ಬರುತ್ತೆ, ಆದರೂ ಅರ್ಧ ಮಾತು ಅರ್ಥವಾಗಲಿಲ್ಲ. ಯಾಕೆ?

ಅದು ಗಡಿನಾಡಿನ ಐರಿಷ್ ಇಂಗ್ಲಿಷ್. ರಾಗವೇ ಬೇರೆ, ವೇಗವೂ ಜಾಸ್ತಿ. ಸಬ್‌ಟೈಟಲ್ ಹಾಕಿಕೊಂಡೇ ನೋಡಿ.

## ಆ ಕಾಲ, ಆ ಊರು

ಒಬ್ಬ ಹುಡುಗನ ಕಥೆಗೆ ಕ್ಯೂಬಾ, ಕೆನಡಿ, ಅಣುಬಾಂಬು ಎಲ್ಲ ಯಾಕೆ?

1962ರ ಅಕ್ಟೋಬರ್‌ನಲ್ಲಿ ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿ ಕ್ಷಿಪಣಿ ಇಟ್ಟಿರುವುದು ಬಯಲಾಯಿತು. ಹದಿಮೂರು ದಿನ ಜಗತ್ತೇ ಉಸಿರು ಬಿಗಿಹಿಡಿದು ಕೂತಿತ್ತು. ಐರ್ಲೆಂಡಿಗೆ ಇದು ದೂರದ ಸುದ್ದಿಯಾಗಿರಲಿಲ್ಲ. ಅಮೆರಿಕದ ಅಧ್ಯಕ್ಷ ಕೆನಡಿ ಐರಿಷ್ ವಲಸಿಗರ ಮನೆತನದವನು, ಆ ಹುದ್ದೆಗೇರಿದ ಮೊದಲ ಕ್ಯಾಥೊಲಿಕ್. ಎಷ್ಟೋ ಐರಿಷ್ ಮನೆಗಳ ಗೋಡೆಯ ಮೇಲೆ ಪೋಪ್ ಪಟದ ಪಕ್ಕದಲ್ಲೇ ಅವನ ಪಟ ಇರುತ್ತಿತ್ತು. ದೇಶದ ಸ್ವಂತ ಟೀವಿ ಶುರುವಾದದ್ದು 1961ರ ಡಿಸೆಂಬರ್ 31ರಂದು. ಹಾಗಾಗಿ ಪ್ರಳಯದ ಭಯ ಆಗತಾನೇ ಮನೆಯೊಳಗೆ ಬಂದು ಕೂತಿತ್ತು.

ಜೋರ್ಡನ್ ಈ ಭಯವನ್ನು ಫ್ರಾನ್ಸಿಯ ತಲೆಯೊಳಗೆ ಬಿಡುತ್ತಾರೆ. ಅವನ ಕಣ್ಣೆದುರೇ ಅಣುಬಾಂಬು ಸಿಡಿಯುತ್ತದೆ, ಊರು ಸುಟ್ಟು ಕರಕಲಾಗುತ್ತದೆ. ಇಲ್ಲಿ ನನ್ನನ್ನು ಕಾಡುವುದು ಊರಿನ ದೊಡ್ಡವರು. ಕ್ಯೂಬಾದಲ್ಲಿ ಏನಾಗುತ್ತದೋ ಅಂತ ಎಲ್ಲರೂ ನಡುಗುತ್ತಾರೆ, ಮಾತೆ ಮೇರಿ ಪ್ರತ್ಯಕ್ಷಳಾಗುತ್ತಾಳೆ ಅಂತ ಕಾಯುತ್ತಾರೆ. ತಮ್ಮದೇ ಬೀದಿಯಲ್ಲಿ ಒಂದು ಮಗುವಿನ ಜಗತ್ತು ಮುಳುಗುತ್ತಿರುವುದು ಮಾತ್ರ ಅವರಿಗೆ ಸುದ್ದಿಯಲ್ಲ.

ಫ್ರಾನ್ಸಿಯನ್ನು ಕಳಿಸುವ ಪಾದ್ರಿಗಳ ಶಾಲೆ ನಿಜಕ್ಕೂ ಹಾಗೇ ಇತ್ತಾ, ಇಲ್ಲ ಸಿನಿಮಾಗೋಸ್ಕರ ಮಾಡಿದ್ದಾ?

ನಿಜ ಇದಕ್ಕಿಂತ ಕೆಟ್ಟದಾಗಿತ್ತು. ಅವನ್ನು ಇಂಡಸ್ಟ್ರಿಯಲ್ ಸ್ಕೂಲ್ ಎಂದು ಕರೆಯುತ್ತಿದ್ದರು. ಬ್ರಿಟಿಷರ ಕಾಲದ, 1868ರ ಕಾನೂನಿನಿಂದ ಹುಟ್ಟಿದವು. ಸ್ವಾತಂತ್ರ್ಯ ಬಂದ ಮೇಲೂ ಸರ್ಕಾರದ ದುಡ್ಡಿನಲ್ಲಿ ಕ್ಯಾಥೊಲಿಕ್ ಧಾರ್ಮಿಕ ಸಂಸ್ಥೆಗಳು ನಡೆಸಿಕೊಂಡು ಬಂದವು. ಅಪರಾಧ ಮಾಡಿದ ಮಕ್ಕಳು ಮಾತ್ರ ಅಲ್ಲಿಗೆ ಹೋಗುತ್ತಿದ್ದರು ಅಂದುಕೊಳ್ಳಬೇಡಿ. ಹೆಚ್ಚಿನವರ ತಪ್ಪು ಬಡತನ. ಅಪ್ಪ ಅಮ್ಮ ಇಲ್ಲದವರು, ಶಾಲೆ ತಪ್ಪಿಸಿದವರು, ಮದುವೆಯಾಗದ ತಾಯಂದಿರ ಮಕ್ಕಳು.

ಸಿನಿಮಾ ಬಂದ ಎರಡು ವರ್ಷಕ್ಕೆ, 1999ರ ಮೇ ತಿಂಗಳಲ್ಲಿ, ಪ್ರಧಾನಿ ಬರ್ಟಿ ಅಹರ್ನ್ ದೇಶದ ಪರವಾಗಿ ಆ ಮಕ್ಕಳ ಕ್ಷಮೆ ಕೇಳಿದರು. ತನಿಖಾ ಆಯೋಗ ರಚನೆಯಾಯಿತು. ಅದರ ವರದಿ, ಎಲ್ಲರೂ ರಯನ್ ವರದಿ ಎನ್ನುವುದು, 2009ರ ಮೇ 20ರಂದು ಹೊರಬಂತು. 1936ರಿಂದ 1970ರವರೆಗೆ ಸುಮಾರು 1,70,000 ಮಕ್ಕಳು ಈ ಶಾಲೆಗಳಿಗೆ ಹೋಗಿದ್ದರು ಎಂದು ಅದು ಲೆಕ್ಕ ಹಾಕಿತು. ಹೊಡೆತ, ಹಸಿವು, ಲೈಂಗಿಕ ದೌರ್ಜನ್ಯ, ಇವು ಯಾರೋ ಒಬ್ಬರ ತಪ್ಪಲ್ಲ, ವ್ಯವಸ್ಥೆಯೇ ಹಾಗೆ ನಡೆಯುತ್ತಿತ್ತು ಎಂದು ಪುಟಗಟ್ಟಲೆ ದಾಖಲಿಸಿತು.

ಸಿನಿಮಾದಲ್ಲಿ ಫಾದರ್ ಸಲಿವನ್ ಎಂಬ ಮುದುಕ ಪಾದ್ರಿ ಫ್ರಾನ್ಸಿಗೆ ಚಾಕೊಲೇಟ್ ಕೊಡುತ್ತಾನೆ, ತಲೆಗೆ ಹೆಂಗಸರ ಬಾನೆಟ್ ಟೋಪಿ ಕಟ್ಟಿಸುತ್ತಾನೆ. ಜೋರ್ಡನ್ ಇಲ್ಲಿ ಹೆಚ್ಚು ತೋರಿಸುವುದಿಲ್ಲ. ವಿಷಯ ಹೊರಬೀಳುವಂತಾದಾಗ ಸಂಸ್ಥೆ ಅದನ್ನು ಎಷ್ಟು ನಾಜೂಕಾಗಿ ಮುಚ್ಚಿಹಾಕುತ್ತದೆ ನೋಡಿ. ನನಗೆ ದೌರ್ಜನ್ಯದಷ್ಟೇ ಸಿಟ್ಟು ತರಿಸುವುದು ಆ ನಾಜೂಕು.

ಅಮ್ಮನಿಗೆ ಏನಾಗಿದೆ ಅಂತ ಯಾರೂ ಯಾಕೆ ಬಾಯಿ ಬಿಡಲ್ಲ?

ನಾಚಿಕೆ. ಆನಿಯನ್ನು ಆಸ್ಪತ್ರೆಗೆ ಸೇರಿಸಿದಾಗ ಫ್ರಾನ್ಸಿಯ ಕಿವಿಗೆ ಬೀಳುವುದು "ಗ್ಯಾರೇಜಿಗೆ ಹೋಗಿದ್ದಾಳೆ" ಅನ್ನುವ ಮಾತು, ಕೆಟ್ಟುಹೋದ ಗಾಡಿಯನ್ನು ರಿಪೇರಿಗೆ ಬಿಟ್ಟ ಹಾಗೆ. 1950ರ ದಶಕದ ಕೊನೆಯಲ್ಲಿ ಐರ್ಲೆಂಡಿನ ಮಾನಸಿಕ ಆಸ್ಪತ್ರೆಗಳಲ್ಲಿ 20,000ಕ್ಕೂ ಹೆಚ್ಚು ಜನ ಇದ್ದರು. ಜನಸಂಖ್ಯೆಗೆ ಹೋಲಿಸಿದರೆ ಜಗತ್ತಿನಲ್ಲೇ ಅತಿ ಹೆಚ್ಚಿನ ಪ್ರಮಾಣಗಳಲ್ಲಿ ಒಂದು. ಅಂದರೆ ಬಹಳಷ್ಟು ಮನೆಗಳಲ್ಲಿ ಇಂಥ ಒಬ್ಬರು ಇದ್ದರು, ಆದರೂ ಯಾವ ಮನೆಯಲ್ಲೂ ಮಾತಿರಲಿಲ್ಲ. ಆತ್ಮಹತ್ಯೆಯಂತೂ ಅಲ್ಲಿ 1993ರವರೆಗೂ ಕಾನೂನಿನ ಪ್ರಕಾರ ಅಪರಾಧವೇ ಆಗಿತ್ತು. ಇಂಥ ಮೌನದೊಳಗೆ ಬೆಳೆಯುವ ಮಗು ಅಮ್ಮನ ನೋವಿಗೆ ತಾನೇ ಕಾರಣ ಅಂದುಕೊಳ್ಳುತ್ತದೆ. ಬೇರೆ ಕಾರಣ ಯಾರೂ ಹೇಳಿಲ್ಲವಲ್ಲ.

1997ರಲ್ಲಿ ಈ ಹಳೇ ಕಥೆ ಎತ್ತಿದ್ದು ಯಾಕೆ?

ಆಗ ಅದು ಹಳೇ ಕಥೆಯಾಗಿರಲಿಲ್ಲ. ಮಕ್ಕಳ ಮೇಲೆ ದೌರ್ಜನ್ಯ ಎಸಗಿದ ಬ್ರೆಂಡನ್ ಸ್ಮಿತ್ ಎಂಬ ಪಾದ್ರಿಯ ಹಸ್ತಾಂತರ ತಡವಾದ ಗಲಾಟೆಯಲ್ಲಿ 1994ರಲ್ಲಿ ಐರಿಷ್ ಸರ್ಕಾರವೇ ಬಿದ್ದುಹೋಗಿತ್ತು. ಹತ್ತಾರು ವರ್ಷ ಮುಚ್ಚಿಟ್ಟದ್ದು ಆಗತಾನೇ ಹೊರಬರುತ್ತಿತ್ತು.

## ಮನುಷ್ಯರು, ಮನಸ್ಸು (ಇಲ್ಲಿಂದ ಕಥೆ ಗೊತ್ತಾಗುತ್ತದೆ)

ಮಿಸೆಸ್ ನ್ಯೂಜೆಂಟ್ ಅಷ್ಟು ಕೆಟ್ಟವಳಾ? ನನಗೇನೋ ಅವಳ ಸಿಟ್ಟು ನ್ಯಾಯ ಅನ್ನಿಸಿತು

ಮಗನ ಕಾಮಿಕ್ಸ್ ಕದ್ದವರ ಮೇಲೆ ತಾಯಿಗೆ ಸಿಟ್ಟು ಬರುವುದು ನ್ಯಾಯವೇ. ನಟಿ ಫಿಯೋನಾ ಶಾ ಅವಳನ್ನು ರಾಕ್ಷಸಿ ಮಾಡಿಲ್ಲ. ಅಚ್ಚುಕಟ್ಟು, ಬಿಗುಮಾನ, ಸ್ವಲ್ಪ ಹೆದರಿಕೆ, ಅಷ್ಟೇ. ಆದರೆ ಅವಳು ಆರಿಸಿಕೊಂಡ ಬೈಗುಳಕ್ಕೆ ಒಂದು ಇತಿಹಾಸ ಇದೆ. ಐರಿಷ್ ಜನ ಹಂದಿಗಳ ಜೊತೆ ಒಂದೇ ಕೋಣೆಯಲ್ಲಿ ಬದುಕುವವರು ಎಂದು ಇಂಗ್ಲಿಷರು ತಲೆಮಾರುಗಟ್ಟಲೆ ಆಡಿಕೊಂಡಿದ್ದರು. ಇಂಗ್ಲೆಂಡ್ ಕಂಡು ಬಂದ ಐರಿಷ್ ಹೆಂಗಸು ಅದನ್ನೇ ಎತ್ತಿ ತನ್ನೂರಿನ ಬಡವರ ಮೇಲೆ ಎಸೆಯುತ್ತಾಳೆ.

ಹುಡುಗನ ಕಡೆಯಿಂದ ನೋಡಿದರೆ ಇನ್ನೂ ಒಂದು ಸಂಗತಿ ಕಾಣುತ್ತದೆ. ಅವಳು ಫಿಲಿಪ್‌ಗೆ ಎಂಥ ತಾಯಿಯೋ ಅಂಥ ತಾಯಿ ಫ್ರಾನ್ಸಿಗೂ ಬೇಕಿತ್ತು. ಆ ಬೆಚ್ಚಗಿನ ಅಡುಗೆಮನೆ ಬೇಕಿತ್ತು. ಹಾಗೆ ಬೇಕು ಅನ್ನಿಸುವುದೇ ಸ್ವಂತ ಅಮ್ಮನಿಗೆ ಮಾಡುವ ದ್ರೋಹ ಅಂತಲೂ ಅವನಿಗೆ ಅನ್ನಿಸುತ್ತದೆ. ಅವನ ದ್ವೇಷಕ್ಕೆ ಅಷ್ಟು ಕಾವು ಬಂದದ್ದು ಈ ಎರಡರ ನಡುವಿನಿಂದ.

ಫ್ರಾನ್ಸಿಗೆ ಇರೋ ಕಾಯಿಲೆ ಹೆಸರೇನು? ಸ್ಕಿಜೋಫ್ರೇನಿಯಾನಾ?

ಸಿನಿಮಾ ಹೆಸರು ಹೇಳುವುದಿಲ್ಲ. ನಾನೂ ಹೇಳುವುದಿಲ್ಲ. ಇಲ್ಲದ್ದನ್ನು ಅವನು ಕಾಣುತ್ತಾನೆ ನಿಜ. ಮೇರಿ ಮಾತಾಡಿಸುತ್ತಾಳೆ, ಪಾದ್ರಿಯ ಮುಖ ಹುಳುವಿನ ಮುಖವಾಗುತ್ತದೆ. ಆದರೆ ಒಂದು ರೋಗದ ಹೆಸರು ಹಚ್ಚಿದ ತಕ್ಷಣ ಏನಾಗುತ್ತದೆ ನೋಡಿ. ಅಯ್ಯೋ ಕಾಯಿಲೆ ಇತ್ತು, ಯಾರೇನು ಮಾಡಕ್ಕಾಗುತ್ತಿತ್ತು ಅಂತ ಊರಿಗೂ ನಮಗೂ ಸಮಾಧಾನವಾಗಿಬಿಡುತ್ತದೆ. ಸಿನಿಮಾ ಆ ಸಮಾಧಾನ ಕೊಡುವುದಿಲ್ಲ. ಅದಕ್ಕೇ ನನಗೆ ಅದರ ಮೇಲೆ ಇಷ್ಟು ಗೌರವ.

ಏನೇನಾಯಿತು ಅಂತ ಸಾಲಾಗಿ ನೆನೆಸಿಕೊಳ್ಳಿ. ಅಮ್ಮ ನೇಣಿಗೆ ಸಿದ್ಧಳಾಗಿದ್ದ ಹೊತ್ತಿಗೇ ಹುಡುಗ ಮನೆಗೆ ಬರುತ್ತಾನೆ. ಲಂಡನ್ನಿನಿಂದ ಚಿಕ್ಕಪ್ಪ ಆಲೋ ಬಂದ ಕ್ರಿಸ್‌ಮಸ್ ರಾತ್ರಿ ಅಪ್ಪನ ಬಾಯಿಂದ ವಿಷ ಹರಿಯುತ್ತದೆ. ಹುಡುಗ ಡಬ್ಲಿನ್‌ಗೆ ಓಡಿಹೋಗುತ್ತಾನೆ, ಅಮ್ಮನಿಗೆ ಉಡುಗೊರೆ ಹಿಡಿದು ವಾಪಸ್ ಬರುವಷ್ಟರಲ್ಲಿ ಅಮ್ಮ ಕೆರೆಯ ಪಾಲಾಗಿರುತ್ತಾಳೆ. ಆ ಸಾವಿನ ಹೊಣೆಯನ್ನು ಅಪ್ಪ ಇವನ ತಲೆಗೆ ಕಟ್ಟುತ್ತಾನೆ. ಆಮೇಲೆ ಪಾದ್ರಿಯ ಕೋಣೆ. ಆಮೇಲೆ ಅಪ್ಪನ ಸಾವು. ಕುರ್ಚಿಯಲ್ಲಿ ಸತ್ತು ಕೂತ ಅಪ್ಪನ ಜೊತೆ ಹುಡುಗ ಏನೂ ಆಗಿಲ್ಲವೆಂಬಂತೆ ಸಂಸಾರ ನಡೆಸುತ್ತಾನೆ, ಮಾತಾಡಿಸುತ್ತಾನೆ. ಆ ದೃಶ್ಯವನ್ನು ಹುಚ್ಚು ಎಂದು ನೋಡುವುದು ಸುಲಭ. ನಾನು ನೋಡುವುದು ಬೇರೆ ಥರ. ಇನ್ನೊಬ್ಬರನ್ನು ಕಳೆದುಕೊಳ್ಳಲು ಅವನಿಗೆ ಶಕ್ತಿ ಉಳಿದಿಲ್ಲ. ಹಾಗಾಗಿ ಕಳೆದುಕೊಂಡೇ ಇಲ್ಲ ಅಂತ ತೀರ್ಮಾನಿಸಿಬಿಟ್ಟಿದ್ದಾನೆ.

ಹಾಗಾದರೆ ಅಪ್ಪನೇ ವಿಲನ್ ಅಲ್ವಾ?

ಸುಲಭದ ಉತ್ತರ ಅದು. ಆದರೆ ಕಾದಂಬರಿ ಓದಿದರೆ ಬೆನ್ನಿಯೂ ಆಲೋ ಕೂಡ ಚಿಕ್ಕಂದಿನಲ್ಲಿ ಅನಾಥಾಲಯದಲ್ಲಿ ಬೆಳೆದವರು ಅನ್ನುವುದು ಗೊತ್ತಾಗುತ್ತದೆ. ಆ ಮಾತು ಎತ್ತಿದರೆ ಬೆನ್ನಿ ಸಿಡಿದೇಳುತ್ತಾನೆ. ಸ್ಟೀಫನ್ ರೇ ಅವನನ್ನು ಮೆಲುದನಿಯ, ಸೋತ ಮನುಷ್ಯನನ್ನಾಗಿ ಮಾಡಿದ್ದಾರೆ. ಕ್ಷಮಿಸಬೇಕಾಗಿಲ್ಲ. ಎಲ್ಲಿಂದ ಬಂದ ಅಂತ ತಿಳಿದಿರಲಿ.

ಐರಿಷ್ ಗಾಯಕಿ ಶಿನೇಡ್ ಓಕಾನರ್ ಮಾತೆ ಮೇರಿಯ ಪಾತ್ರ ಮಾಡಿದ್ದು, ಆ ಮೇರಿ ಕೆಟ್ಟ ಮಾತಾಡೋದು... ಇದು ದೇವರಿಗೆ ಅವಮಾನ ಅಲ್ವಾ?

ಅಮೆರಿಕದಲ್ಲಿ ಕ್ಯಾಥೊಲಿಕರಿಂದ ಈ ಆಕ್ಷೇಪ ಬಂದಿತ್ತು. 1992ರ ಅಕ್ಟೋಬರ್‌ನಲ್ಲಿ ಓಕಾನರ್ ಅಮೆರಿಕದ ನೇರಪ್ರಸಾರದ ಟೀವಿ ಕಾರ್ಯಕ್ರಮವೊಂದರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರ ಫೋಟೋ ಹರಿದಿದ್ದರು. ಚರ್ಚಿನೊಳಗೆ ಮಕ್ಕಳ ಮೇಲೆ ನಡೆಯುತ್ತಿದ್ದ ದೌರ್ಜನ್ಯದ ವಿರುದ್ಧ ಅದು ಪ್ರತಿಭಟನೆ. ಆಗ ಜಗತ್ತು ಅವರನ್ನು ಮೂದಲಿಸಿತು. ಹದಿವಯಸ್ಸಿನಲ್ಲಿ ಅವರೂ ಡಬ್ಲಿನ್‌ನಲ್ಲಿ ಸನ್ಯಾಸಿನಿಯರು ನಡೆಸುತ್ತಿದ್ದ ಸಂಸ್ಥೆಯಲ್ಲಿ ಇದ್ದವರು.

ಅಂಥವರನ್ನು ಜೋರ್ಡನ್ ಕರೆತಂದು ಮೇರಿಯ ಜಾಗದಲ್ಲಿ ನಿಲ್ಲಿಸಿದರು. ಇದರಲ್ಲಿ ಅವಮಾನ ಎಲ್ಲಿದೆ? ಇಡೀ ಸಿನಿಮಾದಲ್ಲಿ ಫ್ರಾನ್ಸಿಯನ್ನು ಬೈಯದೆ, ತಿದ್ದದೆ, ಅವನ ಮಾತು ಪೂರ್ತಿ ಕೇಳುವವಳು ಅವಳೊಬ್ಬಳೇ. ಅವನು ಬಲ್ಲ ಊರಿನ ಭಾಷೆಯಲ್ಲೇ, ಊರಿನ ಬೈಗುಳಗಳ ಸಮೇತ, ಗೆಳತಿಯಂತೆ ಮಾತಾಡುತ್ತಾಳೆ. ಬಿಟ್ಟುಹೋದ ಅಮ್ಮನ ಜಾಗಕ್ಕೆ ಮಗು ಕಟ್ಟಿಕೊಂಡ ಅಮ್ಮ ಇವಳು. ಓಕಾನರ್ 2023ರ ಜುಲೈ 26ರಂದು ತೀರಿಕೊಂಡರು. ಸಿನಿಮಾದ ಕೊನೆಗೆ ಬರುವ ಹಾಡಿನ ದನಿಯೂ ಅವರದೇ.

ಆಸ್ಪತ್ರೆಯಲ್ಲಿ ಕೊಡುವ ಕರೆಂಟ್ ಶಾಕ್ ಈಗಲೂ ಕೊಡ್ತಾರಾ?

ಕೊಡುತ್ತಾರೆ, ಆದರೆ ಸಿನಿಮಾದಲ್ಲಿ ನೋಡಿದ ಹಾಗಲ್ಲ. 1938ರಲ್ಲಿ ಇಟಲಿಯಲ್ಲಿ ಶುರುವಾದ ಚಿಕಿತ್ಸೆ ಇದು. ಈಗ ಅರಿವಳಿಕೆ ಕೊಟ್ಟು, ಸ್ನಾಯು ಸಡಿಲವಾಗುವ ಔಷಧಿ ಕೊಟ್ಟು ಮಾಡುತ್ತಾರೆ. ತೀವ್ರ ಖಿನ್ನತೆಯಲ್ಲಿ ಜೀವ ಉಳಿಸಿದ್ದೂ ಇದೆ. ಭಾರತದಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆ ಅರಿವಳಿಕೆ ಇಲ್ಲದೆ ಇದನ್ನು ಕೊಡುವುದನ್ನು ನಿಷೇಧಿಸಿದೆ. ಮಕ್ಕಳಿಗಂತೂ ಕೊಡುವಂತಿಲ್ಲ. ತೀರಾ ಅಗತ್ಯ ಬಿದ್ದರೆ ಪೋಷಕರ ಒಪ್ಪಿಗೆ ಮತ್ತು ಆ ಕಾಯ್ದೆಯ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಮುಂಗಡ ಅನುಮತಿ ಎರಡೂ ಬೇಕು. ಸಿನಿಮಾ ನೋಡಿ ಹೆದರಿ ಈಗಿನ ಚಿಕಿತ್ಸೆ ಬಿಡಬೇಡಿ.

## ಪೂರ್ತಿ ನೋಡಿದವರಿಗೆ

ಜೋ ಯಾಕೆ ಕೈಬಿಟ್ಟ? ನನಗೆ ಕೊಲೆಗಿಂತ ಅದೇ ಜಾಸ್ತಿ ನೋವಾಯಿತು

ನನಗೂ. ಜೋ ಕೆಟ್ಟ ಹುಡುಗನಲ್ಲ. ಅವನು ಬೆಳೆದ, ಅಷ್ಟೇ. ಆಟ ಸಾಕಾಯಿತು, ಹೊಸ ಶಾಲೆ ಸೇರಿದ, ಫಿಲಿಪ್ ಗೆಳೆಯನಾದ. ಎಲ್ಲ ಮಕ್ಕಳೂ ಹೀಗೆ ಒಂದು ಸ್ನೇಹ ದಾಟಿ ಇನ್ನೊಂದಕ್ಕೆ ಹೋಗುತ್ತಾರೆ. ಆದರೆ ಫ್ರಾನ್ಸಿಗೆ ಹೋಗಲು ಬೇರೆ ಜಾಗವೇ ಇಲ್ಲ. ಬೋರ್ಡಿಂಗ್ ಶಾಲೆಗೆ ಹುಡುಕಿಕೊಂಡು ಹೋದಾಗ ಜೋ ಎಲ್ಲರ ಎದುರು ಅವನನ್ನು ಬೇಡ ಅನ್ನುತ್ತಾನೆ. ದೊಡ್ಡವರು ಹೊರಬೇಕಾದ ಭಾರವನ್ನು ಇನ್ನೊಂದು ಮಗುವಿನ ಹೆಗಲಿಗೆ ಹಾಕಿದರೆ ಅದು ಎಷ್ಟು ದಿನ ಹೊತ್ತೀತು?

ಬಂಡೋರನ್‌ಗೆ ಯಾಕೆ ಹೋಗ್ತಾನೆ? ಆ ದೃಶ್ಯ ಅಷ್ಟು ಮುಖ್ಯನಾ?

ನನ್ನ ಪ್ರಕಾರ ಸಿನಿಮಾದ ತಿರುವು ಅಲ್ಲೇ ಇದೆ. ಬಂಡೋರನ್ ಡೊನೆಗಾಲ್‌ನ ಕಡಲ ತೀರದ ಊರು. ಅಪ್ಪ ಅಮ್ಮ ಮದುವೆಯಾದ ಹೊಸದರಲ್ಲಿ ಹೋದ ಜಾಗ. ಅಲ್ಲಿ ಅವರು ಎಷ್ಟು ಸಂತೋಷವಾಗಿದ್ದರು ಅನ್ನುವ ಕಥೆ ಕೇಳಿ ಫ್ರಾನ್ಸಿ ಬೆಳೆದಿದ್ದಾನೆ. ಎಲ್ಲ ಹೋದ ಮೇಲೂ ಅದೊಂದು ಉಳಿದಿತ್ತು. ತನ್ನ ಹುಟ್ಟಿನ ಹಿಂದೆ ಒಂದು ಪ್ರೀತಿ ಇತ್ತು ಅನ್ನುವ ನಂಬಿಕೆ. ಅವರು ಉಳಿದುಕೊಂಡಿದ್ದ ಮನೆಯ ಒಡತಿಯನ್ನು ಹುಡುಕಿ ಕೇಳುತ್ತಾನೆ. ಗಂಡ ಕುಡಿದು ಹೆಂಡತಿಯನ್ನು ಹೇಗೆ ನಡೆಸಿಕೊಂಡ ಅಂತ ಅವಳು ಹೇಳುತ್ತಾಳೆ. ನಾಲ್ಕು ಮಾತು, ಅಷ್ಟೇ. ಇದಾದ ಮೇಲೆ ಜೋನ ನಿರಾಕರಣೆ. ಆಮೇಲೆ ಅವನನ್ನು ಹಿಡಿದಿಡಲು ಏನೂ ಇರುವುದಿಲ್ಲ.

ಅವನ ಕಥೆ ಹೇಳುವ ದನಿ ಯಾರದು? ಅಷ್ಟು ಖುಷಿಯಾಗಿ ಯಾಕೆ ಹೇಳ್ತಾನೆ?

ದೊಡ್ಡವನಾದ ಫ್ರಾನ್ಸಿಯ ದನಿ. ಅಪ್ಪನ ಪಾತ್ರ ಮಾಡಿದ ಸ್ಟೀಫನ್ ರೇ ಅವರೇ ಈ ದನಿ ಕೊಟ್ಟಿದ್ದಾರೆ, ಕೊನೆಯಲ್ಲಿ ಬಿಡುಗಡೆಯಾಗಿ ಬರುವ ಫ್ರಾನ್ಸಿಯೂ ಅವರೇ. ಹುಡುಗ ಕೊನೆಗೂ ಅಪ್ಪನ ಮುಖವನ್ನೇ ಹೊತ್ತು ಬರುತ್ತಾನೆ. ಕಾದಂಬರಿಯಲ್ಲಿ ವಿರಾಮ ಚಿಹ್ನೆಗಳೂ ಸರಿಯಾಗಿಲ್ಲದ, ಉಸಿರು ಕಟ್ಟುವ ಮಾತಿನ ಹರಿವು ಇದೆ. ಅಲ್ಲಿ ನಾವು ಪೂರ್ತಿ ಅವನ ತಲೆಯೊಳಗೇ ಸಿಕ್ಕಿಕೊಂಡಿರುತ್ತೇವೆ. ಸಿನಿಮಾದಲ್ಲಿ ಹಾಗಾಗುವುದಿಲ್ಲ, ಯಾಕೆಂದರೆ ನಮ್ಮ ಕಣ್ಣಿಗೆ ಬೇರೆಯದೂ ಕಾಣುತ್ತಿರುತ್ತದೆ. ದನಿ ನಗುತ್ತಾ ಹೇಳುತ್ತದೆ, ಹುಡುಗನ ಮುಖ ಇನ್ನೇನೋ ಹೇಳುತ್ತದೆ. ಪುಸ್ತಕ ಓದಿದವರೂ ಸಿನಿಮಾ ನೋಡಬೇಕು ಎಂದು ನಾನು ಒತ್ತಾಯ ಮಾಡುವುದು ಈ ಕಾರಣಕ್ಕೆ.

ಕೊನೆಗೆ ಇದು "ಮನಸ್ಸು ಕೆಟ್ಟವರು ಕೊಲೆ ಮಾಡ್ತಾರೆ" ಅಂತಲೇ ಹೇಳ್ತಿದೆಯಲ್ಲ?

ಈ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಫ್ರಾನ್ಸಿ ಕಸಾಯಿಖಾನೆಯ ಬೋಲ್ಟ್ ಗನ್‌ನಿಂದ ಮಿಸೆಸ್ ನ್ಯೂಜೆಂಟ್‌ಳನ್ನು ಕೊಲ್ಲುತ್ತಾನೆ. ದೇಹವನ್ನು ಹಂದಿಗಳಿಗೆ ಹಾಕುವ ಮುಸುರೆಯ ಗಾಡಿಯಲ್ಲಿ ಅಡಗಿಸಿ ಊರೊಳಗೇ ತಳ್ಳಿಕೊಂಡು ಹೋಗುತ್ತಾನೆ. ಇಂಥ ಚಿತ್ರ ಒಮ್ಮೆ ತಲೆಯಲ್ಲಿ ಕೂತರೆ ಸುಲಭಕ್ಕೆ ಹೋಗುವುದಿಲ್ಲ. ಮಾನಸಿಕ ಕಾಯಿಲೆ ಇರುವ ಬಹುಪಾಲು ಜನ ಯಾರಿಗೂ ಕೈ ಎತ್ತುವುದಿಲ್ಲ. ಅವರು ಹಿಂಸೆ ಮಾಡುವುದಕ್ಕಿಂತ ಹಿಂಸೆಗೆ ಗುರಿಯಾಗುವುದೇ ಹೆಚ್ಚು. ಸಿನಿಮಾ ಇದನ್ನು ಎಲ್ಲೂ ಹೇಳುವುದಿಲ್ಲ.

ಇದೇ ಸಿನಿಮಾದಲ್ಲಿ ಇನ್ನೊಬ್ಬಳು ಇದ್ದಾಳೆ, ಆನಿ. ಅವಳು ಯಾರಿಗೂ ಹಾನಿ ಮಾಡಲಿಲ್ಲ, ತಾನೇ ಹೋದಳು. ಫ್ರಾನ್ಸಿಯ ಹಿಂಸೆಗೂ ಪಾಠ ಹೇಳಿಕೊಟ್ಟವರು ಇದ್ದಾರೆ. ಮಾಂಸದ ಅಂಗಡಿಯ ಲೆಡ್ಡಿ ಕೊಲ್ಲುವ ಕೆಲಸಕ್ಕೆ ಒಂದು ಮಗುವನ್ನು ಹಚ್ಚಿದಾಗ ಊರಿನಲ್ಲಿ ಒಬ್ಬರೂ ತಡೆಯಲಿಲ್ಲ. ಕೊಲೆಯ ತಪ್ಪು ಫ್ರಾನ್ಸಿಯದೇ, ಅದನ್ನು ಸಿನಿಮಾ ಮುಚ್ಚಿಡುವುದಿಲ್ಲ. ಆದರೆ ಅದಕ್ಕೂ ಮುಂಚೆ ಪೊಲೀಸ್, ಡಾಕ್ಟರ್, ಪಾದ್ರಿ, ನೆರೆಯವರು ಎಲ್ಲರಿಗೂ ಅವನನ್ನು ಹಿಡಿದುಕೊಳ್ಳುವ ಅವಕಾಶ ಸಿಕ್ಕಿತ್ತು. ಎರಡನೇ ಸಲ ನೋಡುವಾಗ ಫ್ರಾನ್ಸಿಯನ್ನು ಬಿಟ್ಟು ಅವರನ್ನೇ ನೋಡಿ.

ನೋಡಿದ ಮೇಲೆ ನನ್ನದೇ ಬಾಲ್ಯ ನೆನಪಾಗಿ ನಿದ್ದೆ ಬರಲಿಲ್ಲ. ಏನು ಮಾಡಲಿ?

ಮೊದಲು, ಅದು ನಿಮ್ಮ ದೌರ್ಬಲ್ಯ ಅಲ್ಲ. ಕುಡಿಯುವ ಅಪ್ಪ, ಕೋಣೆ ಬಿಟ್ಟು ಬರದ ಅಮ್ಮ, ಯಾರಿಗೂ ಹೇಳಲಾಗದ ಸಂಗತಿ, ಇವು ಐರ್ಲೆಂಡಿಗೆ ಮಾತ್ರ ಸೇರಿದವಲ್ಲ. ಸಿನಿಮಾವನ್ನು ಪೂರ್ತಿ ನೋಡಲೇಬೇಕು ಅಂತೇನೂ ಇಲ್ಲ, ಎಲ್ಲಿ ಬೇಕಾದರೂ ನಿಲ್ಲಿಸಿ. ನಂಬಿಕೆಯ ಒಬ್ಬರ ಹತ್ತಿರ ಮಾತಾಡಿ. ಮನೆಯವರ ಹತ್ತಿರ ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಿಮಗೆ ಗೊತ್ತಿರುವ ಯಾವುದಾದರೂ ಮಗು ಈಗ ಕಷ್ಟದಲ್ಲಿದ್ದರೆ 1098ಕ್ಕೆ ಮಾಡಿ. ಪಕ್ಕದ ಮನೆಯ ಮಗು ಆದರೂ ಸರಿ, ನಮಗ್ಯಾಕೆ ಅಂತ ಸುಮ್ಮನಿರಬೇಡಿ.